ಬಂಗ್ಡಿ ಕೇರಿಯ ಡ್ರಮ್ಮರೂ ಕೊಕ್ಕರ್ಣೆಯ ಚಂದ್ರಮತಿಯೂ

ಕೋಡಿ ಊರಿನ ಬಳಿ ಹೊಳೆ ಕಡಲು ಸೇರುವ ಅಳಿವೆಯಿಂದ ದೋಣಿಗಳು ಹೊರಡುವ ಸದ್ದು ಕೇಳುತ್ತಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲಿಗೆ ಮುಖ ಮಾಡಿ ನಿಂತ ಹಂಚಿನ ಮನೆಯ ಮುಂದಿನ ಕೋಣೆಯಲ್ಲಿ ಚಂದ್ರಮತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಚದ ಅಂಚಿನಲ್ಲಿ ಕುಳಿತಿರುವ ಎತ್ತರದ ಮನುಷ್ಯರೊಬ್ಬರ ಎರಡೂ ಕಂಕುಳ ಕೆಳಗೆ ಕೈ ಹಾಕಿದ್ದಾರೆ. ಚಂದ್ರಮತಿಯ ಮೊಣಕಾಲು ಅವರ ಬಲ ಮೊಣಕಾಲಿಗೆ ಒತ್ತಿಕೊಂಡಿದೆ. ಆ ಕಾಲು ಕುಸಿಯದಂತೆ ತಡೆಯುವುದು ಅದೊಂದೇ.

"ಹ್ವಾಯ್ ಲೆನ್ ಮಾವ, ಏಳ್ಕ್ ಅಲ್ದಾ? ಬೋಟೆಲ್ಲ ಹೊರ್ಟಾಯ್ತ್. ಹೂಂ... ಏಳಿ ಕಾಂಬ!"

ಅವರು ಏಳುತ್ತಾರೆ. ಒಂದು ಕ್ಷಣ ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ತೂಗುತ್ತಾರೆ. ಆಮೇಲೆ ಚಂದ್ರಮತಿ ಅವರನ್ನು ಮೆಲ್ಲಗೆ ತಿರುಗಿಸಿ ಕುರ್ಚಿಯಲ್ಲಿ ಕೂರಿಸಿ, ಕಿಟಕಿ ತೆರೆದು, ಹಲ್ಲುಜ್ಜುವ ಬ್ರಷ್ಷನ್ನು ಎಡಗೈಗೆ ಕೊಡುತ್ತಾರೆ. ಪೇಸ್ಟು ಗಲ್ಲಕ್ಕೆ, ಅಂಗಿಗೆ ಎಲ್ಲ ತಾಗುತ್ತದೆ. ಚಂದ್ರಮತಿ ಕೈ ಕಟ್ಟಿ ನಿಂತು ನೋಡುತ್ತಾರೆಯೇ ಹೊರತು ಬ್ರಷ್ಷನ್ನು ಕಸಿದುಕೊಳ್ಳುವುದಿಲ್ಲ.

"ಅವ್ರತ್ರ ಆಪ್ದನ್ನ್ ಅವ್ರೇ ಮಾಡ್ಕ್. ನಾ ಮಾಡಿರೆ ಬೇಗ ಆತ್ತ್, ಹೌದ್. ಆರೆ ಆ ಕೈ ನಾಳೆಗ್ ಕೆಲ್ಸ ಮರ್ತ್ ಹೋತ್ತ್" ಎನ್ನುತ್ತಾರೆ.

ಚಂದ್ರಮತಿ ಹೋಂ ನರ್ಸ್. ವಯಸ್ಸು ಐವತ್ತನಾಲ್ಕು. ಊರು ಬ್ರಹ್ಮಾವರ ತಾಲೂಕಿನ ಒಳಭಾಗದ ಕೊಕ್ಕರ್ಣೆ. ಸಾಲಿಗ್ರಾಮದ ಪಡುವಣದ ಈ ಕೋಡಿಯ ಮನೆಗೆ ಬಂದು ಎರಡು ವರ್ಷವಾಗಿದೆ. ಸೋಮವಾರ ಮೊದಲ ಬಸ್ಸಿಗೆ ಬ್ರಹ್ಮಾವರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಇಲ್ಲಿ ತಲುಪಿದರೆ, ವಾಪಸು ಹೋಗುವುದು ಶನಿವಾರ ಸಂಜೆ. ನಡುವಿನ ಹಗಲು ರಾತ್ರಿಗಳೆಲ್ಲ ಅವರು ಲೆನ್ ಮಾವ ಎಂದು ಕರೆಯುವ ಈ ರೋಗಿಯವು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಗಂಟಲಿಗೆ ಸಿಕ್ಕದಂತೆ ಉಣ್ಣಿಸಬೇಕು. ಬಲಗೈಯ ಬೆರಳುಗಳು ಮಡಚಿಕೊಂಡು ಹಾಗೇ ನಿಲ್ಲದಂತೆ ದಿನಕ್ಕೆ ಎಷ್ಟೋ ಸಲ ಒಂದೊಂದನ್ನೇ ಬಿಡಿಸಬೇಕು.

ಈ ಕೆಲಸ ಅವರು ಕೇಳದೆ ಬಂದದ್ದು. ಗಂಡ ರವಿಚಂದ್ರ ಮುಂಬೈಯ ಘಾಟ್‌ಕೋಪರಿನ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಚಂದ್ರಮತಿಯೂ ಕೆಲವು ವರ್ಷ ಅಲ್ಲಿನ ಚಾಳಿನಲ್ಲಿದ್ದರು. ಗಂಡ ಎದೆನೋವಿನಿಂದ ತೀರಿಕೊಂಡಾಗ ಮಗಳು ವಿನಯಾಳನ್ನು ಎತ್ತಿಕೊಂಡು ಊರಿಗೆ ಬಂದರು. ಬಂದ ಮರುವರ್ಷವೇ ಅತ್ತೆ ಹಾಸಿಗೆ ಹಿಡಿದರು. ಹಗಲು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ, ಉಳಿದ ಹೊತ್ತು ಅತ್ತೆಯ ಮಗ್ಗುಲು. ಅತ್ತೆ ಆರು ವರ್ಷ ಬದುಕಿದರು. ನೋಡಲು ಬಂದಿದ್ದ ಡಾಕ್ಟರೊಬ್ಬರು ಮುದುಕಿಯ ಬೆನ್ನಿನಲ್ಲಿ ಒಂದು ಹುಣ್ಣೂ ಇಲ್ಲದ್ದನ್ನು ಕಂಡು, ಉಡುಪಿಯಲ್ಲಿ ಆರು ತಿಂಗಳ ತರಬೇತಿಗೆ ಸೇರಲು ಹೇಳಿದರಂತೆ. ಆಮೇಲೆ ಮನೆಯಿಂದ ಮನೆಗೆ: ವಂಡ್ಸೆ, ಬೈಂದೂರು, ಕುಂದಾಪುರ. ಕೆಲವೆಡೆ ಮನೆಯವರ ಹಾಗೆ ನೋಡಿಕೊಂಡರು. ಕೆಲವೆಡೆ ತಟ್ಟೆ ಲೋಟ ಬೇರೆ ಇಟ್ಟರು.

ಕಷ್ಟ ಯಾವುದು ಎಂದು ಕೇಳಿದರೆ ತಟ್ಟೆ ಲೋಟದ ಮಾತು ಬರುವುದಿಲ್ಲ, ಸೊಂಟನೋವಿನ ಮಾತೂ ಬರುವುದಿಲ್ಲ. ಅವರು ಹೇಳುವುದು ಇದು: "ಹೋಪವ್ರ್ ಹೋದ್ ದಿನವೇ ನಮ್ ಕೆಲ್ಸ ಮುಗೀತ್ ಕಾಣಿ. ಹೆಣ ಮೀಸೂದ್, ಬಟ್ಟಿ ಹಾಕೂದ್, ಎಲ್ಲ ನಾವೇ. ಆಮೇಲ್ ಬ್ಯಾಗ್ ತಕಂಡ್ ಹೊರ್ಡೂದ್. ಅಳೂಕ್ ನಂಗೂ ಬತ್ತ್. ಆರೆ ಅಲ್ ಅಳೂಕೆ ಮನಿಯವ್ರ್ ಇರ್ತ್ರಲೆ. ನಾ ಬಸ್ಸಲ್ ಕೂಕಂಡ್ ಅಳೂದ್."

ಈಗಿನ ರೋಗಿಯ ಪೂರ್ತಿ ಹೆಸರು ಲೆನ್ ಮಾಲ್ಟ್‌ಬಿ. ಎಪ್ಪತ್ತಾರು ವರ್ಷದ ಇಂಗ್ಲಿಷರು. ಕೋಡಿಯ ಮೀನುಗಾರರಿಗೆ ಅವರು, ಹೆಂಡತಿಯ ಹೆಸರು ಹಿಡಿದು, 'ಶಾಂಭವಿಯಮ್ಮನ ದೊರೆ'. ಬೆಳಗ್ಗೆ ದಡದಲ್ಲಿ ನಿಂತು, ಬಲೆ ಎಳೆಯುವಾಗ ಕೈ ಜೋಡಿಸುತ್ತಿದ್ದ ಬಿಳಿ ಮುದುಕ. ಅವರು ಒಂದು ಕಾಲದಲ್ಲಿ ಬ್ರಿಟನ್ನಿನ ರಾಕ್ ತಂಡವೊಂದರಲ್ಲಿ ಡ್ರಮ್ ಬಾರಿಸುತ್ತಿದ್ದರು ಎಂಬುದು ಊರಿನಲ್ಲಿ ಹೆಚ್ಚಿನವರಿಗೆ ತಿಳಿಯದು. ತಿಳಿದವರಿಗೂ ಅದು ಹೆಚ್ಚಿನ ಸುದ್ದಿಯಲ್ಲ.

ತಂಡದ ಹೆಸರು 'ಹ್ಯಾಡಕ್ ರೋ'. ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರಿಮ್ಸ್‌ಬಿ ಎಂಬ ಮೀನಿನ ಬಂದರಿನ ನಾಲ್ವರು ಹುಡುಗರು ೧೯೬೭ರಲ್ಲಿ ಕಟ್ಟಿದ ತಂಡ. ಹಾಡುವವರು ರಾಯ್. ಗಿಟಾರಿಗೆ ಡೆರೆಕ್. ದಪ್ಪ ತಂತಿಯ ಬೇಸ್ ಗಿಟಾರಿಗೆ ಆಲನ್. ಡ್ರಮ್ಮಿಗೆ ಲೆನ್. ನಾಲ್ವರ ಅಪ್ಪಂದಿರೂ ಮೀನಿನ ಬೋಟಿನವರು. ಮೀನಿನ ಪೆಟ್ಟಿಗೆ ಜೋಡಿಸಿಡುತ್ತಿದ್ದ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಲೆನ್ ಮೊದಮೊದಲು ಬಾರಿಸಿದ್ದು ಆ ಪೆಟ್ಟಿಗೆಗಳನ್ನೇ. ಹೆಸರಿನ ಅರ್ಥವನ್ನು ಶಾಂಭವಿಯಮ್ಮ ವಿವರಿಸಿದಾಗ ಚಂದ್ರಮತಿ ನಕ್ಕುಬಿಟ್ಟರಂತೆ. "ಹ್ಯಾಡಕ್ ಅಂದ್ರೆ ಒಂದ್ ಮೀನ್, ರೋ ಅಂದ್ರೆ ಕೇರಿ ಅಂಬ್ರ್. ಹಾಂಗಾರೆ ನಮ್ಮಲ್ ಬಂಗ್ಡಿ ಕೇರಿ ಅಂದಂಗೆ ಆಯ್ತಲೆ! ಬಂಗ್ಡಿ ಕೇರಿಯವ್ರ್ ಪದ್ಯ ಹೇಳ್ರೆ ಯಾರ್ ಕೇಂತ್ರ್ ಅಂದೆ."

ಕೇಳಿದರು. ೧೯೭೩ರಲ್ಲಿ ಬಂದ ಒಂದು ಹಾಡನ್ನು ಇಡೀ ಬ್ರಿಟನ್ನೇ ಕೇಳಿತು. ಮರಳಿ ಬಾರದ ಬೋಟಿಗಾಗಿ ದಡದಲ್ಲಿ ಕಾಯುವ ಹೆಂಗಸಿನ ಹಾಡು ಅದು. ಆರಂಭದಲ್ಲಿ ಅರ್ಧ ನಿಮಿಷ ಬೇರೆ ಯಾವ ವಾದ್ಯವೂ ಇಲ್ಲ, ಬರೇ ಡ್ರಮ್ಮು. ದೂರದಲ್ಲಿ ಇಂಜಿನು ಬಡಿದುಕೊಂಡ ಹಾಗೆ ಶುರುವಾಗಿ ಹತ್ತಿರ ಹತ್ತಿರ ಬಂದು, ಇನ್ನೇನು ದಡ ಮುಟ್ಟಿತು ಅನ್ನುವಾಗ ನಿಂತುಬಿಡುತ್ತದೆ. ಹಾಡು ಹಳೆಯದಾದರೂ ಆ ಆರಂಭ ಹಳೆಯದಾಗಲಿಲ್ಲ. ಲೆನ್ ಎಲ್ಲಿಗೆ ಹೋದರೂ ಜನ ಅದನ್ನೇ ಹೊಗಳುತ್ತಿದ್ದರು, ಮೇಜಿನ ಮೇಲೆ ಬೆರಳಿನಲ್ಲಿ ಅದನ್ನೇ ಬಾರಿಸಿ ತೋರಿಸುತ್ತಿದ್ದರು.

೧೯೮೧ರಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಿದ್ದಾಗ ಲೆನ್ ನಡುದಾರಿಯಲ್ಲೇ ತಂಡದ ವ್ಯಾನಿನಿಂದ ಇಳಿದು ಮನೆಗೆ ಹೋದರು. ಕಾರಣ ಹೇಳಲಿಲ್ಲ. ಬೇರೊಬ್ಬರನ್ನು ಹಾಕಿಕೊಂಡು ಒಂದು ವರ್ಷ ನಡೆದ ತಂಡ ಅಲ್ಲಿಗೆ ಮುಗಿಯಿತು. ಡೆರೆಕ್ ಕುಡಿತದಿಂದ ಬೇಗ ತೀರಿಕೊಂಡರು. ರಾಯ್ ಒಬ್ಬರೇ ಹಾಡುತ್ತ ಉಳಿದರು. ಆಲನ್ ಶಾಲೆಯೊಂದರಲ್ಲಿ ಸಂಗೀತದ ಮಾಸ್ತರಾದರು. ಲೆನ್ ಗ್ರಿಮ್ಸ್‌ಬಿಯ ಮೀನು ಮಾರುಕಟ್ಟೆಯಲ್ಲಿ ಲಾರಿ ಓಡಿಸಿದರು. ಅವರ ಹೆಂಡತಿ ಶಾಂಭವಿ ಕೋಟದ ಕಡೆಯವರು. ನರ್ಸಿಂಗ್ ಓದಿ ಎಪ್ಪತ್ತರ ದಶಕದಲ್ಲಿ ಅಲ್ಲಿನ ಆಸ್ಪತ್ರೆಗೆ ಹೋದವರು, ಮುರಿದ ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಳ್ಳಲು ಬಂದ ಡ್ರಮ್ಮರನ್ನು ಮದುವೆಯಾದರು. ನಿವೃತ್ತಿಯ ಮೇಲೆ ಇಬ್ಬರೂ ಇಲ್ಲಿ ಬಂದು ಮನೆ ಕಟ್ಟಿದರು. ಅದೇ ಅಂಗಳದ ಆಚೆ ಬದಿಯಲ್ಲಿ ಶಾಂಭವಿಯಮ್ಮನ ತಮ್ಮನ ಮನೆ ಇದೆ. ತಮ್ಮನ ಮಗ ಸುಜಯ್‌ಗೆ ಸಾಲಿಗ್ರಾಮದಲ್ಲಿ ಮೊಬೈಲ್ ಅಂಗಡಿ. ಲೆನ್ 'ಮಾವ' ಆದದ್ದು ಸುಜಯ್‌ನ ಬಾಯಿಂದ. ಚಂದ್ರಮತಿಯೂ ಅದನ್ನೇ ಹಿಡಿದರು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಲೆನ್ ದಡದಲ್ಲೇ ಬಿದ್ದರು. ಲಕ್ವ. ಬಲಭಾಗ ಹೋಯಿತು, ಅದರೊಂದಿಗೆ ಮಾತೂ ಹೋಯಿತು. ಉಳಿದದ್ದು ಎರಡೋ ಮೂರೋ ಶಬ್ದ. ಇಂಗ್ಲಿಷಿನ 'ನೋ'. ಹೆಂಡತಿಯ ಹೆಸರಿನ ಮೊದಲ ತುಂಡು. ಮತ್ತೆ, ಯಾರೂ ನಿರೀಕ್ಷಿಸದ ಒಂದು ಕನ್ನಡ ಶಬ್ದ, ಕೋಡಿಯ ಊಟದ ಪಂಕ್ತಿಗಳಲ್ಲಿ ಕಲಿತದ್ದು: 'ಸಾಕ್'.

ಇಷ್ಟದ ಸಂಗೀತ ಕೇಳಿಸಿದರೆ ಒಳ್ಳೆಯದು ಎಂದು ವ್ಯಾಯಾಮ ಮಾಡಿಸಲು ಬರುವವರು ಹೇಳಿದಾಗ ಸುಜಯ್ ಅಂಗಡಿಯಿಂದ ಒಳ್ಳೆಯ ಸ್ಪೀಕರ್ ತಂದ. ಮಾವನ ತಂಡದ ಹಾಡುಗಳನ್ನೆಲ್ಲ ಹುಡುಕಿ ತುಂಬಿಸಿದ. ಮೊದಲು ಹಾಕಿದ್ದು ಆ ಪ್ರಸಿದ್ಧ ಹಾಡನ್ನೇ. ಡ್ರಮ್ ಶುರುವಾದದ್ದೇ ತಡ, ಲೆನ್ ಎಡಗೈಗೆ ಸಿಕ್ಕ ಸ್ಟೀಲ್ ಲೋಟವನ್ನು ಎತ್ತಿ ಗೋಡೆಗೆ ಎಸೆದರು. ಲಕ್ವ ಹೊಡೆದವರಿಗೆ ಕಾರಣವಿಲ್ಲದೆ ಸಿಟ್ಟು ಬರುವುದುಂಟು. ಎಲ್ಲರೂ ಹಾಗೇ ಅಂದುಕೊಂಡರು. ಸುಜಯ್ ನಾಲ್ಕು ದಿನ ಬಿಟ್ಟು ಮತ್ತೆ ಹಾಕಿದ. ಈ ಸಲ ಸ್ಪೀಕರೇ ಕೆಳಗೆ ಬಿತ್ತು.

ಹಗಲಿಡೀ ಜೊತೆಯಲ್ಲಿದ್ದ ಚಂದ್ರಮತಿಗೆ ಮಾತ್ರ ಇದು ಬೇರೆ ರೀತಿ ಕಂಡಿತು. "ಬೇರೆ ಹಾಡ್ ಹಾಕ್ರೆ ಎಂತ ಇಲ್ಲೆ. ಎಡಗೈಯಂಗ್ ಮಂಚಕ್ಕ್ ತಟ್ಟೂದ್, ಕಾಲ್ ಅಲ್ಲಾಡ್ಸೂದ್. ಅದೊಂದ್ ಹಾಡ್ ಬಂದ್ರೆ ಮೈಯೆಲ್ಲ ಬಿಗ್ದ್ ಹೋಪ್ದ್. ನಂಗ್ ಹಾಡ್ ಗೊತ್ತಾತ್ತಿಲ್ಲೆ, ಮೈ ಗೊತ್ತಾತ್ತ್" ಎನ್ನುತ್ತಾರೆ ಅವರು. "ಶಾಂಭವಿಯಮ್ಮನ ಹತ್ರ ಹೇಳ್ದೆ: ಅಮ್ಮ, ಇದ್ ಸೀಕಿನ್ ಸಿಟ್ಟಲ್ಲ. ಆ ಹಾಡಲ್ ಎಂತದೋ ಇತ್ತ್."

ಶಾಂಭವಿಯಮ್ಮನಿಗೆ ನಂಬುವುದು ಕಷ್ಟವಾಯಿತು. ಗಂಡನಿಗೆ ಹೆಸರು ತಂದ ಹಾಡದು. ಆದರೂ ಆಲನ್ ಇಂಗ್ಲೆಂಡಿನಿಂದ ಆರೋಗ್ಯ ವಿಚಾರಿಸಲು ಫೋನ್ ಮಾಡಿದಾಗ ಮಾತಿನ ನಡುವೆ ಇದನ್ನೂ ಹೇಳಿದರು. ಆಲನ್ ಹೇಳಿದ್ದು ಇಷ್ಟು: "ಅದು ಲೆನ್ ಬಾರಿಸಿದ್ದಲ್ಲ."

೧೯೭೩ರಲ್ಲಿ ಲಂಡನ್ನಿನಲ್ಲಿ ಆ ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ ಲೆನ್ ಅವರ ಅಪ್ಪ ತೀರಿಕೊಂಡರು. ಮಣ್ಣು ಮಾಡಲು ಲೆನ್ ಊರಿಗೆ ಹೋದರು. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದವನಿಗೆ ಮೊದಲಿಂದಲೂ ಲೆನ್ ಅವರ ತಾಳದ ಬಗ್ಗೆ ಸಮಾಧಾನವಿರಲಿಲ್ಲ. ಸ್ಟುಡಿಯೋಗಳಲ್ಲಿ ಕರೆದಾಗ ಬಂದು ಬಾರಿಸಿ ಹೋಗುವ ಯಾರೋ ಒಬ್ಬನನ್ನು ಕರೆಸಿದ. ರಾಯ್ ಒಪ್ಪಿದರು. ಆಲನ್, ಡೆರೆಕ್ ಬಾಯಿ ಬಿಡಲಿಲ್ಲ. ಲೆನ್ ಮರಳಿ ಬಂದಾಗ ಹಾಡು ಮುಗಿದಿತ್ತು. ರೆಕಾರ್ಡಿನ ಮೇಲೆ ಹೆಸರು ಅಚ್ಚಾದದ್ದು ಲೆನ್ ಅವರದೇ. ಬಾರಿಸಿದವನ ಹೆಸರು ಎಲ್ಲೂ ಬರಲಿಲ್ಲ. ಅಂದಿನಿಂದ ಲೆನ್ ವೇದಿಕೆ ವೇದಿಕೆಯ ಮೇಲೆ ಇನ್ನೊಬ್ಬನ ಪೆಟ್ಟುಗಳನ್ನು ಕಲಿತು ಬಾರಿಸಿದರು, ಇನ್ನೊಬ್ಬನಿಗೆ ಸಲ್ಲಬೇಕಾದ ಹೊಗಳಿಕೆಗೆ ತಲೆಬಾಗಿದರು.

"ಅವ್ರ್ ನನ್ ಹತ್ರ ಹೇಳ್ಲಿಲ್ಲೆ ಅಂದ್ ಬೇಜಾರಿಲ್ಲೆ" ಎಂದು ಶಾಂಭವಿಯಮ್ಮ ಕಡಲು ನೋಡುತ್ತ ಹೇಳುತ್ತಾರೆ. "ನಮ್ ಮದಿ ದಿನ ಆ ಹಾಡ್ ಹಾಕಿ ಎಲ್ಲರೂ ಕುಣ್ದಿದ್ರ್. ಇವ್ರ್ ನೆಗಾಡ್ಕಂಡ್ ನಿತ್ಕಂಡಿದ್ರ್. ಆ ನೆಗಿ ಈಗ ನೆನ್ಪಾತ್ತ್. ಅದೇ ಬೇಜಾರ್."

ಅಂದಿನಿಂದ ಆ ಹಾಡು ಈ ಮನೆಯಲ್ಲಿ ನಿಂತಿತು. ಲೆನ್ ಶಾಂತವಾದರು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಆಲನ್ ಅದನ್ನು ರಾಯ್‌ಗೆ ಹೇಳಿದ್ದರು. ಕಳೆದ ಜನವರಿಯಲ್ಲಿ ಇಬ್ಬರೂ ಮಂಗಳೂರಿನಲ್ಲಿ ವಿಮಾನ ಇಳಿದು, ಕುಂದಾಪುರದ ಲಾಡ್ಜಿನಲ್ಲಿ ಸಾಮಾನು ಇಟ್ಟು, ನೇರ ಕೋಡಿಗೆ ಬಂದರು.

ಆ ಮಧ್ಯಾಹ್ನವನ್ನು ಚಂದ್ರಮತಿ ಮರೆತಿಲ್ಲ. ಆಲನ್ ಗಿಡ್ಡ, ಬೋಳು ತಲೆ, ಬಂದವರೇ ಶಾಂಭವಿಯಮ್ಮನ ಕೈ ಹಿಡಿದು ಅತ್ತರು. ರಾಯ್ ಎತ್ತರದ ಆಳು, ತಲೆಗೆ ಹೊಗೆಬಣ್ಣದ ಟೋಪಿ, ಕೈಯಲ್ಲಿ ಊರುಗೋಲು. ಬಾಗಿಲಿನಲ್ಲಿ ಅವರನ್ನು ಕಂಡದ್ದೇ ಲೆನ್ ಗೋಡೆಯ ಕಡೆ ಮುಖ ತಿರುಗಿಸಿದರು. ರಾಯ್ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಮಾತಿಗೆ ಶುರುಮಾಡಿದರು. ಒಳ್ಳೆಯ ಸ್ವರ, ನಿಧಾನದ ಮಾತು. ಲೆನ್ ಅವರ ಎಡಗೈ ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದದ್ದು ಚಂದ್ರಮತಿಗೆ ಕಂಡಿತು. 'ನೋ' ಎಂದರು ಲೆನ್. ರಾಯ್ ನಿಲ್ಲಿಸಲಿಲ್ಲ. 'ನೋ, ನೋ' ಎಂದರು. ರಾಯ್ ಕಣ್ಣು ಒರೆಸಿಕೊಂಡು ಮುಂದುವರಿಸಿದರು.

ಚಂದ್ರಮತಿ ಮಂಚಕ್ಕೂ ಕುರ್ಚಿಗೂ ನಡುವೆ ಹೋಗಿ ನಿಂತರು.

"ಇವತ್ತ್ ಸಾಕ್ ಮಾಡಿ. ನಾಳೆ ಬನ್ನಿ."

ಶಾಂಭವಿಯಮ್ಮ ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ರಾಯ್ ಅವರ ಮುಖ ಕೆಂಪಾಯಿತು. ತಾನು ಕ್ಷಮೆ ಕೇಳಲೆಂದೇ ಅಷ್ಟು ದೂರದಿಂದ ಬಂದದ್ದು, ಈ ವಯಸ್ಸಿನಲ್ಲಿ ಮತ್ತೊಮ್ಮೆ ಬರಲಾಗದು, ಹೇಳಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ ಎಂದರು.

"ಅಮ್ಮ, ಅವ್ರಿಗ್ ಹೇಳಿ" ಎಂದರು ಚಂದ್ರಮತಿ. "ಲೆನ್ ಮಾವನಿಗ್ ಮಾತ್ ಬತ್ತಿಲ್ಲೆ. ಇವ್ರ್ ಹೇಳ್ಕಂಡ್ ಹೋದ್ರೆ ಅವ್ರ್ ಎದ್ರ್ ಹೇಳೂದ್ ಹ್ಯಾಂಗೆ? ಬೈಯ್ಕ್ ಅಂದ್ರೆ ಬೈಯ್ಯೂಕಾತ್ತಿಲ್ಲೆ. ಎದ್ದ್ ಹೋಪ ಅಂದ್ರೆ ಹೋಪೂಕಾತ್ತಿಲ್ಲೆ. ಮಾತ್ ಬಪ್ಪವ್ರ್ ಮಾತ್ ಬರ್ದವ್ರ್ ಹತ್ರ ತಪ್ಪಾಯ್ತ್ ಅಂಬೂದ್ ಸಸಾರ. ಅದ್ ನ್ಯಾಯ ಅಲ್ಲ."

ಶಾಂಭವಿಯಮ್ಮ ಇದನ್ನು ಪೂರ್ತಿ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. ರಾಯ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಎದ್ದು ಕಾರಿನ ಕಡೆ ಹೋದರು.

"ಆ ದಿನ ನಂಗ್ ಹೆದ್ರಿಕೆ ಆಯ್ತ್" ಎಂದು ಚಂದ್ರಮತಿ ಈಗ ನಗುತ್ತಾರೆ. "ದೊಡ್ ಜನ. ನಾ ಕೆಲ್ಸದವ್ಳ್. ಅವ್ರ್ ತಿರ್ಗಿ ಬರ್ದಿದ್ರೆ ಅದ್ ನನ್ನ್ ತಲಿ ಮೇಲೇ ಅಲ್ದಾ? ಆರೆ ಊಟ ಮಾಡ್ವತ್ತಿಗೆ ನನ್ ತಟ್ಟಿಗ್ ಶಾಂಭವಿಯಮ್ಮನೇ ಬಡ್ಸ್ರ್."

ಮರುದಿನ ಬೆಳಗ್ಗೆ ಎಂಟರ ಹೊತ್ತಿಗೆ ಕಾರು ಬಂತು. ರಾಯ್ ಬಾಗಿಲಲ್ಲೇ ನಿಂತರು, ಒಳಗೆ ಬರಲೇ ಎನ್ನುವಂತೆ ಚಂದ್ರಮತಿಯ ಮುಖ ನೋಡಿದರು. ಅದು ಗಂಜಿಯ ಹೊತ್ತು. ಲೆನ್ ಕುರ್ಚಿಯಲ್ಲಿದ್ದರು, ಕುತ್ತಿಗೆಗೆ ಟವೆಲ್ ಕಟ್ಟಿತ್ತು. ಚಂದ್ರಮತಿಗೆ ಆ ಕ್ಷಣ ಏನು ತೋಚಿತೋ, ಗಂಜಿಯ ಬಟ್ಟಲನ್ನೂ ಚಮಚವನ್ನೂ ರಾಯ್ ಕೈಗೆ ಕೊಟ್ಟರು. ತುಟಿಗೆ ಬೆರಳಿಟ್ಟು, ಮಾತು ಬೇಡ ಎಂದು ಸನ್ನೆ ಮಾಡಿದರು.

ಬಟ್ಟಲು ಹಿಡಿದ ರಾಯ್ ಲೆನ್ ಅವರನ್ನು ನೋಡಿದರು. ಲೆನ್ ಬಟ್ಟಲನ್ನು ನೋಡಿದರು. ಮುಖ ತಿರುಗಿಸಲಿಲ್ಲ. ಬಹಳ ಹೊತ್ತಿನ ಮೇಲೆ ಬಾಯಿ ತೆರೆದರು.

ಉಣ್ಣಿಸುವುದು ನೋಡಿದಷ್ಟು ಸುಲಭವಲ್ಲ. ಚಮಚ ಎಡಬದಿಯಿಂದ ಬರಬೇಕು, ಸ್ವಲ್ಪವೇ ಇರಬೇಕು, ನುಂಗಿದ್ದು ಖಚಿತವಾದ ಮೇಲೆ ಇನ್ನೊಂದು. ರಾಯ್ ತುಂಬಿದ ಚಮಚವನ್ನು ನೇರ ನಡುವಿನಿಂದ ತಂದರು. ಗಂಜಿ ಗಲ್ಲದಿಂದ ಇಳಿದು ಟವೆಲ್ ದಾಟಿ ಅಂಗಿಗೆ ಹೋಯಿತು. ಚಂದ್ರಮತಿ ಅವರ ಮಣಿಕಟ್ಟನ್ನು ಹಿಡಿದು ಎಡಕ್ಕೆ ತಂದರು, ಅರ್ಧ ಗಂಜಿಯನ್ನು ಬಟ್ಟಲಿಗೆ ಚೆಲ್ಲಿಸಿದರು. ಹೀಗೆ ನಡೆಯಿತು. ಆಲನ್ ಜಗಲಿಯ ಕಂಬಕ್ಕೊರಗಿ ಕಡಲಿಗೆ ಮುಖ ಮಾಡಿ ನಿಂತಿದ್ದರು.

"ಸಾಕ್" ಎಂದರು ಲೆನ್.

ರಾಯ್‌ಗೆ ತಿಳಿಯಲಿಲ್ಲ. ಇನ್ನೊಂದು ಚಮಚ ಎತ್ತಿದರು.

"ಸಾಕ್!"

ಚಮಚ ಮತ್ತೂ ಹತ್ತಿರ ಬಂತು. ಲೆನ್ ತುಟಿ ಬಿಗಿದರು. ಚಮಚ ತುಟಿಗೆ ತಾಗಿ ಗಂಜಿ ಮೂಗಿಗೆ ಹತ್ತಿತು. ಆಗ ಚಂದ್ರಮತಿಗೆ ತಡೆಯಲಾಗದೆ ನಗು ಬಂತು. "ಹ್ವಾಯ್, ಸಾಕಂಬ್ರ್ ಮರ್ರೆ! ಹೊಟ್ಟಿ ತುಂಬ್ತ್ ಅಂಬ್ರ್!" ಶಾಂಭವಿಯಮ್ಮನೂ ನಕ್ಕರು. ಲೆನ್ ಅವರ ಮುಖದ ಎಡಬದಿ ಮೊದಲು ಅಲುಗಿತು, ಆಮೇಲೆ ಹೆಗಲು ಅಲುಗಿತು. ಕಾಯಿಲೆ ಬಿದ್ದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. ರಾಯ್ ಬಟ್ಟಲು ಕೆಳಗಿಟ್ಟು, ತಮ್ಮ ಕರವಸ್ತ್ರದಿಂದ ಗೆಳೆಯನ ಮೂಗು ಒರೆಸಿದರು.

ರಾಯ್ ಒಂದು ವಾರ ಇದ್ದರು. ದಿನಾ ಬೆಳಗ್ಗೆ ಗಂಜಿಯ ಹೊತ್ತಿಗೆ ಬರುತ್ತಿದ್ದರು. ಎಡಬದಿಯಿಂದ ಉಣ್ಣಿಸುವುದನ್ನು ಕಲಿತರು, ಬೆರಳು ಬಿಡಿಸುವುದನ್ನೂ ಕಲಿತರು. ಕ್ಷಮೆಯ ಮಾತು ಮತ್ತೆ ಎತ್ತಲಿಲ್ಲ. ಹೊರಡುವ ಹಿಂದಿನ ದಿನ ಮಾತ್ರ ಆಲನ್ ಲೆನ್ ಎದುರು ಕೂತು, ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರ ಕೊಡಬಹುದಾದ ಒಂದು ಪ್ರಶ್ನೆ ಕೇಳಿದರು: ಆ ಡ್ರಮ್ ಬಾರಿಸಿದ್ದು ಬೇರೆಯವರು ಎಂದು ಜನರಿಗೆ ಹೇಳಬಹುದೇ? ಅಂದು ಚಂದ್ರಮತಿ ಆಲನ್ ಅವರಿಂದ ಅದನ್ನು ಎರಡು ಸಲ ಕೇಳಿಸಿದರು. ನಡುವೆ ಸಮಯ ಕೊಟ್ಟರು. ಎರಡು ಸಲವೂ ಲೆನ್ ತಲೆಯಾಡಿಸಿದರು. ಹೌದು.

ಊರಿಗೆ ಮರಳಿದ ರಾಯ್ ಅಲ್ಲಿನ ರೇಡಿಯೋದಲ್ಲಿ ಅದನ್ನು ಹೇಳಿದರು. ಸಣ್ಣ ಸುದ್ದಿಯಾಯಿತು. ಲೆನ್ ಅವರನ್ನು ಮೋಸಗಾರ ಎಂದವರೂ ಇದ್ದರು, ಪಾಪ ಎಂದವರೂ ಇದ್ದರು. ಆ ದಿನ ಸ್ಟುಡಿಯೋಗೆ ಬಂದು ಬಾರಿಸಿ ಹೋದವನು ಯಾರೆಂದು ಆಲನ್ ಇನ್ನೂ ಹುಡುಕುತ್ತಿದ್ದಾರೆ. ಹೆಸರು ಸಿಕ್ಕಿಲ್ಲ. ಮೊನ್ನೆ ಸುಜಯ್ ಹೆದರಿ ಹೆದರಿ ಮಾವನ ಮುಖ ನೋಡಿ ಆ ಹಾಡು ಹಾಕಿದನಂತೆ. ಲೆನ್ ಏನೂ ಎಸೆಯಲಿಲ್ಲ. ಡ್ರಮ್ಮಿನ ಭಾಗ ಮುಗಿಯುವವರೆಗೂ ಕಿಟಕಿಯಾಚೆ ನೋಡುತ್ತ ಕೇಳಿದರು. ಚೆನ್ನಾಗಿ ಬಾರಿಸಿದ್ದಾನೆ ಎನ್ನುವ ಹಾಗೆ ಒಮ್ಮೆ ಹುಬ್ಬು ಏರಿಸಿದರು. ಹಾಡುವ ಸ್ವರ ಶುರುವಾದಾಗ ಕೈ ಎತ್ತಿ ನಿಲ್ಲಿಸಲು ಸನ್ನೆ ಮಾಡಿದರು.

ನನ್ನೊಡನೆ ಮಾತಾಡುತ್ತಿರುವಾಗಲೂ ಚಂದ್ರಮತಿಯ ಕೈ ಸುಮ್ಮನಿಲ್ಲ. ಲೆನ್ ಅವರ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕಿರುಬೆರಳಿನಿಂದ ಶುರುಮಾಡಿದ್ದಾರೆ. ಮಗಳು ವಿನಯಾ ಬ್ರಹ್ಮಾವರದಲ್ಲಿ ಹೊಲಿಗೆ ಕಲಿಸುತ್ತಾಳೆ, ಅಮ್ಮ ಈ ಕೆಲಸ ಬಿಡಬೇಕೆಂದು ಅವಳ ಒತ್ತಾಯ. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ಚಂದ್ರಮತಿ ಈಗ ಯಾರನ್ನೂ ಎತ್ತುವ ಹಾಗಿಲ್ಲ. "ಬಿಡ್ತೆ, ಬಿಡ್ತೆ ಅಂದ್ ಅವ್ಳಿಗ್ ಹೇಳೂದ್" ಎಂದು ನಗುತ್ತಾರೆ. ಕೊಲ್ಲೂರಿಗೆ ಹೋಗಿ ಮೂಕಾಂಬಿಕೆಗೆ ಕೈ ಮುಗಿದು ಬಂದರಂತೆ, ತನ್ನ ಸೊಂಟಕ್ಕೋ ಲೆನ್ ಮಾವನ ಕಾಲಿಗೋ ಎಂದು ಕೇಳಿದರೆ "ಎರಡ್ಕೂ ಸೇರ್ಸಿ ಒಂದೇ ಕಾಯಿ" ಎನ್ನುತ್ತಾರೆ.

ಲೆನ್ ಈಗ ಊರುಗೋಲು ಹಿಡಿದು, ಒಂದು ಬದಿಗೆ ಚಂದ್ರಮತಿ ಇದ್ದರೆ, ಜಗಲಿಯ ಮೆಟ್ಟಿಲವರೆಗೆ ಬರುತ್ತಾರೆ. ಮೆಟ್ಟಿಲಿಳಿದರೆ ಅಂಗಳ, ಅಂಗಳ ದಾಟಿದರೆ ಗೇಟು, ಅದರಾಚೆ ರಸ್ತೆ. ಮುಂದೇನು ಆಸೆ ಎಂದು ಕೇಳುತ್ತೇನೆ. ಚಂದ್ರಮತಿ ಹೆಬ್ಬೆರಳನ್ನೂ ಬಿಡಿಸಿ ಮುಗಿಸಿ ಹೇಳುತ್ತಾರೆ:

"ಇಷ್ಟ್ ಮನಿಯಂಗ್ ಕೆಲ್ಸ ಮಾಡ್ದೆ. ನನ್ನ್ ಕಳ್ಸಿ ಕೊಡೂಕೆ ಗೇಟಿನ್ವರಿಗ್ ನಡ್ಕಂಡ್ ಬಂದವ್ರ್ ಒಬ್ರೂ ಇಲ್ಲೆ. ಎಲ್ಲರೂ ನನ್ಕಿಂತ ಮುಂಚೆ ಹೋದ್ರ್. ಒಂದ್ ಶನಿವಾರ ನಾ ಬ್ಯಾಗ್ ಹಿಡ್ಕಂಡ್ ಹೊರ್ಡ್ವತ್ತಿಗೆ ಲೆನ್ ಮಾವ ಗೇಟಿನ್ವರಿಗ್ ಬರ್ಕ್. ನಾ ಕೈ ಹಿಡೂಕಾಗ. ನಾ ಮುಂದ್ ಹೋಯ್ಕ್, ಅವ್ರ್ ಹಿಂದಿಂದ ಬರ್ಕ್. 'ಬತ್ತೆ' ಅಂದ್ ನಾ ಹೇಳ್ರೆ, ಅವ್ರ್ ಕೈ ಎತ್ತ್‌ಕ್, ಅಷ್ಟೇ. ಆಮೇಲ್ ಸೋಮವಾರ ನೀ ಬಪ್ಪುದ್ ಬ್ಯಾಡ ಅಂದ್ರೂ ನಂಗ್ ಬೇಜಾರಿಲ್ಲೆ."